ಮೂರು ಬೆರಳಿನ ಬಾಯಿ

ಜೂನ್ ೫, ಗುರುವಾರ

ಅಕ್ಕಿ ಮಂಡಿಯವನು ಜನವರಿಯಲ್ಲಿ ಕೊಟ್ಟ ಈ ಡೈರಿಯಲ್ಲಿ ಇವತ್ತಿನವರೆಗೆ ಒಂದಕ್ಷರ ಬರೆದಿರಲಿಲ್ಲ. ಈಗ ಬರೆಯುತ್ತಿದ್ದೇನೆ, ಏಕೆಂದರೆ ಬೈಯೋಣವೆಂದರೆ ಬಾಯಿ ತೆರೆಯುವುದಿಲ್ಲ. ಮುಂಬಯಿಯ ಫೋರ್ಟಿನಲ್ಲಿ ಹೋಟೆಲು ಹಾಕಿ, ಗಲ್ಲಾದಲ್ಲಿ ಕೂತು, ಅಲ್ಲಿಂದಲೇ ಒಳಗಿನ ಒಲೆಯವರೆಗೆ ಕೇಳುವ ಹಾಗೆ ಕೂಗಿದ ಬಾಯಿ ಇದು. ಇವತ್ತು ನನ್ನದೇ ಹೋಟೆಲಿನ ಇಡ್ಲಿಯನ್ನು ಅದರೊಳಗೆ ತಳ್ಳಲು ಚಮಚದ ಹಿಂಬದಿ ಬೇಕಾಯಿತು.

ಎರಡು ವರ್ಷದಿಂದ ಚಟ್ನಿ ನಾಲಗೆಗೆ ಸೋಕಿದರೆ ಸಾಕು, ಬಾಯಿಯೆಲ್ಲ ಉರಿಯುತ್ತಿತ್ತು. ಅಡುಗೆಯ ದೂಜನಿಗೆ ಮೆಣಸು ಕಡಿಮೆ ಹಾಕು ಎಂದು ಬೈದೆ. ಹಾಕಿದ. ಮತ್ತೂ ಉರಿಯಿತು, ಮತ್ತೂ ಬೈದೆ. ಕಡೆಗೆ ಗಿರಾಕಿಗಳು ಇದೇನು ಚಟ್ನಿಯೋ ಬಾಣಂತಿಯ ಪಥ್ಯವೋ ಎಂದು ಕೇಳತೊಡಗಿದರು. ದೂಜ ನನ್ನ ಮುಖ ನೋಡಿದ. ನಾನು ಗಿರಾಕಿಗಳನ್ನೂ ಬೈದೆ.

ಇವತ್ತು ಹೆಂಡತಿ ಚಂಪಾ ಬಿಡಲಿಲ್ಲ. ಚೆಂಬೂರಿನ ನಮ್ಮ ಬಿಲ್ಡಿಂಗಿನ ಕೆಳಗೆ ಕೂರುವ ಹಲ್ಲಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಆ ಡಾಕ್ಟರಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ತೂರಿಸಿ ಎಂದಳು. ಎಲ್ಲರ ಬಾಯಲ್ಲೂ ಅವರವರ ಮೂರು ಬೆರಳು ಹೋಗಬೇಕಂತೆ. ನನ್ನದು ಒಂದು ಹೋಯಿತು. ಎರಡನೆಯದು ಉಗುರಿನ ಹತ್ತಿರ ಸಿಕ್ಕಿಕೊಂಡಿತು.

"ನನ್ನ ಬೆರಳು ದಪ್ಪ," ಎಂದೆ.

"ಬೆರಳಿಗೆ ಏನೂ ಆಗಿಲ್ಲ ಸೀನಣ್ಣ. ನಿಮ್ಮ ಕೆನ್ನೆ ಒಳಗಿಂದ ಹಲಗೆಯ ಹಾಗೆ ಆಗಿದೆ. ಬಾಂದ್ರಾದ ದೊಡ್ಡ ಆಸ್ಪತ್ರೆಗೆ ಹೋಗಿ. ತಡ ಮಾಡಬೇಡಿ."

ಲಿಫ್ಟಿನಲ್ಲೇ ಚಂಪಾ ಸೋಮವಾರ ಬಾಂದ್ರಾಕ್ಕೆ ಹೋಗುವುದೆಂದು ತೀರ್ಮಾನಿಸಿದಳು. ನನ್ನನ್ನು ಕೇಳಲೂ ಇಲ್ಲ. ಬೆರಳು ದಪ್ಪ ಇರುವುದಂತೂ ನಿಜ.

ಜೂನ್ ೯, ಸೋಮವಾರ

ಬಾಂದ್ರಾದ ಆಸ್ಪತ್ರೆಯ ಬೆಂಚಿನಲ್ಲಿ ಕೂತವರೆಲ್ಲ ಗುಟ್ಕಾದವರು. ಅದು ಗೊತ್ತಾಗಲು ಹಲ್ಲು ನೋಡಬೇಕಿಲ್ಲ, ಗೋಡೆಯ ಮೂಲೆ ನೋಡಿದರೆ ಸಾಕು. ನನ್ನ ಹೋಟೆಲಿನಲ್ಲಿ ಗುಟ್ಕಾ ಹಾಕಿದವನಿಗೆ ಮರುದಿನ ಕೆಲಸವಿಲ್ಲ. ಅಂಥ ನನ್ನನ್ನು ತಂದು ಅವರ ಸಾಲಿನಲ್ಲಿ ಕೂರಿಸಿದರು.

ನಾನು ಫೋನಿನಲ್ಲಿ ದೂಜನಿಗೆ ಕನ್ನಡದಲ್ಲಿ ಬೈದದ್ದು ಕೇಳಿ ಪಕ್ಕದವನ ಮುಖ ಅರಳಿತು. ಸಿಮೆಂಟು ಮೆತ್ತಿದ ಚಪ್ಪಲಿ, ಮೂವತ್ತೈದರ ಆಸುಪಾಸು. ಹೆಸರು ಶಿವಪುತ್ರ, ವಿಜಯಪುರದ ಕಡೆಯವನು, ಗಾರೆ ಕೆಲಸ.

"ಸೇಟ್ರ, ನೀವು ಯಾವ್ದು ತಿಂತಿದ್ರಿ?" ಎಂದು ಕೇಳಿದ, ಯಾವ ಊರು ಎಂದು ಕೇಳುವ ಹಾಗೆ.

"ನಾನು ಎಂತದೂ ತಿನ್ನುದಿಲ್ಲ ಮಾರಾಯ."

"ಹಂಗಂದ್ರ ಬಾಯಿ ಹ್ಯಾಂಗ್ ಮುಚ್ಚಿತ್ರಿ?"

ನಾನು ಎದ್ದು ಬೇರೆ ಬೆಂಚಿಗೆ ಹೋದೆ. ಅಲ್ಲಿ ಕೂತವನು ಇನ್ನೂ ಕೆಂಪು ಹಲ್ಲಿನವನು. ಮತ್ತೆ ವಾಪಸು ಬಂದು ಇವನ ಪಕ್ಕದಲ್ಲೇ ಕೂತೆ.

ಡಾಕ್ಟರ್ ಗುಪ್ತೆ ಎಂಬ ಹುಡುಗಿ ನೋಡಿದಳು. ನಮ್ಮ ಮಗಳು ಯಕ್ಷಿತಾಗಿಂತ ನಾಲ್ಕೈದು ವರ್ಷ ದೊಡ್ಡವಳಿದ್ದಾಳು, ಅಷ್ಟೆ. ಹಿಂದಿಯಲ್ಲಿ ಒಂದೇ ಸಮನೆ ಕೇಳಿದಳು. ಗುಟ್ಕಾ? ಇಲ್ಲ. ತಂಬಾಕು? ಇಲ್ಲ. ತಂಬಾಕು ಬೆರೆಸಿದ ಮಾವಾ? ಇಲ್ಲ. ಬೀಡಿ, ಸಿಗರೇಟು? ಇಲ್ಲ. ಪ್ರತಿ ಸಲ ಇಲ್ಲ ಎನ್ನುವಾಗಲೂ ಹೊರಗೆ ಕೂತವರಿಗೆ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವಳು ಕೆನ್ನೆಯ ಒಳಗಿನಿಂದ ಸಣ್ಣ ತುಂಡು ಕತ್ತರಿಸಿ ತೆಗೆದಳು. ಕ್ಯಾನ್ಸರ್ ಇದೆಯೋ ಎಂದು ನೋಡಬೇಕು ಎಂದಳು.

ಆ ಶಬ್ದವನ್ನು ಚಹಾಕ್ಕೆ ಸಕ್ಕರೆ ಬೇಕೋ ಎನ್ನುವ ಹಾಗೆ ಹೇಳಿದಳು. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು.

ಜೂನ್ ೧೮, ಬುಧವಾರ

ಕ್ಯಾನ್ಸರ್ ಅಲ್ಲ. ಪಕ್ಕದಲ್ಲಿದ್ದ ಚಂಪಾ ಗೋಡೆಗೆ ಹಣೆ ಇಟ್ಟು ನಿಂತುಬಿಟ್ಟಳು. ಸಂತೋಷಪಡಬೇಕಿದ್ದ ದಿನ. ಆ ಹುಡುಗಿ ಸಂತೋಷಪಡಲು ಬಿಡಲಿಲ್ಲ.

"ಕಾಕಾ, ಕ್ಯಾನ್ಸರ್ ಅಲ್ಲ, ಆದರೆ ಅದರ ಬಾಗಿಲಿನವರೆಗೆ ಹೋಗಬಹುದಾದ ರೋಗ. ಕೆನ್ನೆಯ ಒಳಗೆ ನಾರು ಬೆಳೆದು ಬಿಗಿಯುತ್ತಿದೆ. ಸುಮ್ಮನೆ ಬರುವ ರೋಗ ಅಲ್ಲ ಇದು. ಏನು ತಿನ್ನುತ್ತೀರಿ? ಸುಳ್ಳು ಹೇಳಬೇಡಿ."

ಸುಳ್ಳು! ಇಷ್ಟು ವರ್ಷ ಹೋಟೆಲು ನಡೆಸಿದ್ದೇನೆ, ನಿನ್ನೆಯ ಸಾಂಬಾರನ್ನು ಇವತ್ತಿನದೆಂದು ಹೇಳಿದವನಲ್ಲ. ಚಂಪಾ ಕೈ ಹಿಡಿದಳು, ಬಿಡಿಸಿಕೊಂಡೆ. ಬೇರೆ ಆಸ್ಪತ್ರೆ ಇಲ್ಲವೇ ಈ ಮುಂಬಯಿಯಲ್ಲಿ ಎಂದು ಎದ್ದು ನಿಂತೆ. ಸಿಟ್ಟು ಬಂದಾಗಲೆಲ್ಲ ಮಾಡುವ ಹಾಗೆ, ಅಂಗಿಯ ಜೇಬಿನಿಂದ ಸಣ್ಣ ಡಬ್ಬಿ ತೆಗೆದು ಎರಡು ಚೂರು ಬಾಯಿಗೆ ಹಾಕಿಕೊಂಡೆ.

"ಅದೇನು?" ಎಂದಳು.

"ಅಡಿಕೆ."

"ಕಾಕಾ, ಅದನ್ನೇ ಅಲ್ಲವೇ ನಾನು ಕೇಳಿದ್ದು?"

"ನೀವು ಕೇಳಿದ್ದು ಗುಟ್ಕಾ, ತಂಬಾಕು. ಇದು ಅಡಿಕೆ."

"ದಿನಕ್ಕೆ ಎಷ್ಟು?"

ಎಷ್ಟು ಎಂದರೆ? ನನ್ನ ಗಲ್ಲಾದ ಪಕ್ಕದಲ್ಲಿ ಗಿರಾಕಿಗಳಿಗೆಂದು ಒಂದು ಬಟ್ಟಲಲ್ಲಿ ಸೋಂಪು, ಇನ್ನೊಂದರಲ್ಲಿ ಅಡಿಕೆ ಚೂರು ಇರುತ್ತದೆ. ಎಲ್ಲ ಹೋಟೆಲಿನಲ್ಲೂ ಇರುತ್ತದೆ. ಚಿಲ್ಲರೆ ಕೊಡುವಾಗ ಕೈ ಅತ್ತ ಹೋಗುತ್ತದೆ. ಉಸಿರಾಟವನ್ನು ಯಾರಾದರೂ ಎಣಿಸುತ್ತಾರೆಯೇ? ಗುಟ್ಕಾದಲ್ಲಿ ತಂಬಾಕಿನಷ್ಟೇ ಕೆಟ್ಟದ್ದು ಅಡಿಕೆ, ಈ ನಾರು ಬೆಳೆಸುವುದು ಅಡಿಕೆಯೇ ಎಂದಳು. ನನಗೆ ತಡೆಯಲಿಲ್ಲ. ನಾವು ಗಣಪತಿಯ ಮುಂದೆ ಇಡುವುದು ಅಡಿಕೆ, ಮದುವೆ ನಿಶ್ಚಯಿಸುವುದು ಅಡಿಕೆ ಇಟ್ಟು, ದೈವಕ್ಕೆ ಕೊಡುವುದು ಅಡಿಕೆ, ಅದನ್ನು ಆ ಕೊಳಕು ಪೊಟ್ಟಣದ ಜೊತೆ ಸೇರಿಸಬೇಡಿ ಎಂದೆ. ಇರುವಷ್ಟು ಬಾಯಿಯಲ್ಲಿ ಅರ್ಧ ಶಬ್ದ ಹೊರಗೆ ಬಂತು, ಅರ್ಧ ಒಳಗೇ ಉಳಿಯಿತು.

"ದೇವರು ಅಗಿಯುವುದಿಲ್ಲ ಕಾಕಾ," ಎಂದಳು.

ಆಪರೇಷನ್ ಮಾಡಬೇಕಂತೆ. ಆ ನಾರುಗಳನ್ನು ಕತ್ತರಿಸಿ, ಕೆನ್ನೆಯದೇ ಕೊಬ್ಬು ತಂದು ಗಾಯಕ್ಕೆ ಮುಚ್ಚಿ, ಹಿಂದಿನ ಹಲ್ಲುಗಳನ್ನೂ ತೆಗೆಯುತ್ತಾರಂತೆ. ಬಿಟ್ಟರೆ ಇನ್ನೊಂದು ವರ್ಷದಲ್ಲಿ ಗಂಜಿ ಕುಡಿಯಲೂ ನಳಿಗೆ ಬೇಕಾದೀತಂತೆ. ಅವಳು ಇನ್ನೂ ಏನೇನೋ ಹೇಳುತ್ತಿದ್ದಳು. ಅಷ್ಟರಲ್ಲಿ ಗ್ಯಾಸ್ ಸಿಲಿಂಡರ್ ಬಂದಿಲ್ಲ ಎಂದು ಹೋಟೆಲಿನಿಂದ ಫೋನು ಬಂತು. ನಾನು ಹೊರಗೆ ಹೋಗಿ ಮಾತಾಡಿ ಬಂದೆ.

ದೇವರು ಅಗಿಯುವುದಿಲ್ಲವಂತೆ. ಎಷ್ಟು ಕೊಬ್ಬು!

ಜೂನ್ ೨೨, ಭಾನುವಾರ

ಅಡಿಕೆ ನಿಲ್ಲಿಸಿದ್ದೇನೆ. ಅವಳು ಹೇಳಿದಳೆಂದಲ್ಲ. ಅವಳು ಹೇಳಿದ್ದು ತಪ್ಪು ಎಂದು ತೋರಿಸಲಿಕ್ಕೆ.

ಬೆಳಿಗ್ಗೆಯಿಂದ ಚಂಪಾಳಿಗೆ, ಯಕ್ಷಿತಾಗೆ, ಹಾಲಿನವನಿಗೆ, ಲಿಫ್ಟಿಗೆ ಬೈದಾಯಿತು. ಜೇಬಿಗೆ ಕೈ ಹೋಗುತ್ತದೆ, ಖಾಲಿ ಜೇಬು ಸಿಗುತ್ತದೆ, ಮತ್ತೆ ಬೈಯಬೇಕಾಗುತ್ತದೆ.

ಜುಲೈ ೧, ಮಂಗಳವಾರ

ಇವತ್ತು ಆಪರೇಷನ್ ಇತ್ತು. ಆಗಲಿಲ್ಲ. ಏಕೆ ಆಗಲಿಲ್ಲ ಎಂದು ಬರೆಯಲು ಕೂಡ ಮೈ ಉರಿಯುತ್ತದೆ.

ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದರು. ಬಂದೆ. ಒಂದು ತುತ್ತು ತಿಂದಿಲ್ಲ, ದೇವರಾಣೆ. ಬಟ್ಟೆ ಬದಲಾಯಿಸಿದರು, ಕೈಗೆ ಸೂಜಿ ಚುಚ್ಚಿದರು. ಪ್ರಜ್ಞೆ ತಪ್ಪಿಸುವ ಡಾಕ್ಟರು ಬಂದು ಬೆಳಿಗ್ಗೆಯಿಂದ ಏನು ತಗೊಂಡಿದ್ದೀರಿ ಎಂದು ಕೇಳಿದರು. ಏನೂ ಇಲ್ಲ ಎಂದೆ.

"ಮತ್ತೆ ಕಾಫಿ?" ಎಂದು ಚಂಪಾ ಬಾಯಿ ಹಾಕಿದಳು.

ಕಾಫಿ ತಿನ್ನುವ ವಸ್ತುವೇ? ಹೋಟೆಲಿನವನಿಗೆ ಕಾಫಿ ಎಂದರೆ ಮುಖ ತೊಳೆದ ಹಾಗೆ. ಕುಡಿಯದೆ ಕಣ್ಣು ಬಿಡುವುದಿಲ್ಲ. ಹಾಲು ಹಾಕಿದ ಕಾಫಿಯೂ ಊಟದ ಲೆಕ್ಕಕ್ಕೇ ಸೇರುತ್ತದೆ, ಪ್ರಜ್ಞೆ ಇಲ್ಲದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೆ ಅಪಾಯ, ಅದರಲ್ಲೂ ನಿಮ್ಮ ಬಾಯಿ ತೆರೆಯುವುದಿಲ್ಲ, ಉಸಿರಿನ ನಳಿಗೆಯನ್ನು ಮೂಗಿನಿಂದ ಹಾಕಬೇಕು ಎಂದು ಆ ಡಾಕ್ಟರು ಎಲ್ಲರ ಮುಂದೆ ಪಾಠ ಮಾಡಿದರು. ಹಾಗಿದ್ದರೆ ಕಾಫಿ ಎಂದು ಬಿಡಿಸಿ ಹೇಳಬೇಕಿತ್ತಲ್ಲ?

"ಪಪ್ಪಾ, ಬೋಲಾ ಥಾ ಉನ್ಹೋಂನೆ," ಎಂದಳು ಯಕ್ಷಿತಾ. "ಪಾನಿ ಭೀ ನಹೀಂ ಅಂತ. ನೀರೂ ಕುಡಿಯಬಾರದು ಅಂತ ನಾನು ನಿಮಗೆ ವಾಟ್ಸಾಪ್ ಸಹ ಮಾಡಿದ್ದೆ."

ನನ್ನ ಜಾಗದಲ್ಲಿ ಆ ಗಾರೆಯವನನ್ನು, ಶಿವಪುತ್ರನನ್ನು ಒಳಗೆ ಕರೆದುಕೊಂಡು ಹೋದರು. ಗಾಲಿ ಮಂಚದ ಮೇಲೆ ಮಲಗಿಕೊಂಡೇ ನನಗೆ ಕೈ ಮುಗಿದ, ನಾನು ಜಾಗ ಬಿಟ್ಟುಕೊಟ್ಟೆ ಎಂದು ತಿಳಿದು. ನನಗೆ ಇನ್ನೊಂದು ವಾರ ಬಿಟ್ಟು.

ಜುಲೈ ೧೧, ಶುಕ್ರವಾರ

ಆಯಿತು.

ಮುಖ ಕುಂಬಳಕಾಯಿ. ಮೂಗಿನಲ್ಲಿ ನಳಿಗೆ. ಚಂಪಾ ಅದರಲ್ಲಿ ಗಂಜಿ ತಿಳಿ ಹಾಕುತ್ತಾಳೆ. ರುಚಿ ಇಲ್ಲ, ಹೊಟ್ಟೆ ಮಾತ್ರ ತುಂಬುತ್ತದೆ. ಮಾತಿಲ್ಲ.

ಬೈಯುವುದನ್ನೆಲ್ಲ ಬರೆದು ತೋರಿಸಿದೆ. ಕನ್ನಡಕ ತಂದಿಲ್ಲ ಎಂದಳು.

ಜುಲೈ ೧೨, ಶನಿವಾರ

ಪಕ್ಕದ ಮಂಚ ಶಿವಪುತ್ರನದು. ಇವತ್ತು ಅವನ ಬಾಯಿಯನ್ನು ಏನೋ ಹಾಕಿ ಬಿಡಿಸುತ್ತಿದ್ದರು. ಅವನ ಹೆಂಡತಿ ಬಸಲಿಂಗವ್ವ ಅವನ ಕಾಲು ಹಿಡಿದು ಕೂತಿದ್ದಳು. ವಾರ್ಡಿನ ಆ ತುದಿಯವರೆಗೆ ಕೇಳುವ ಹಾಗೆ ಚೀರಿದ. ಆಪರೇಷನ್ ಮುಗಿದಿದೆಯಲ್ಲ, ಮತ್ತೆ ಇದೇನು?

ಯಾರೂ ನನಗೆ ಇದನ್ನು ಹೇಳಿರಲಿಲ್ಲ.

ಜುಲೈ ೧೬, ಬುಧವಾರ

ಮೂಗಿನ ನಳಿಗೆ ತೆಗೆದರು. ಬಾಯಿಗೆ ಹಾಕಿದರು ಒಂದು ಕಬ್ಬಿಣದ ಸಾಮಾನು. ಗಾಡಿ ಎತ್ತುವ ಜಾಕ್ ಇದ್ದ ಹಾಗೆ ಇದೆ. ಸ್ಕ್ರೂ ತಿರುಗಿಸಿದರೆ ಹಲ್ಲಿನ ನಡುವೆ ಅಗಲವಾಗುತ್ತಾ ಹೋಗುತ್ತದೆ. ಹೊಲಿದ ಗಾಯ, ಅದರ ಮೇಲೆ ಈ ಯಂತ್ರ. ಕಣ್ಣಲ್ಲಿ ನೀರು ಬಂದದ್ದು ನೋವಿಗೆ, ಬೇರೆ ಯಾವುದಕ್ಕೂ ಅಲ್ಲ. ಯಂತ್ರ ಬಾಯಲ್ಲಿರುವಾಗಲೇ, ಶಬ್ದ ಸರಿಯಾಗಿ ಮೂಡದಿದ್ದರೂ, ತುಳುವಿನಲ್ಲಿ ಗೊತ್ತಿರುವ ಬೈಗುಳವನ್ನೆಲ್ಲ ಬೈದೆ. ಡಾಕ್ಟರ್ ಗುಪ್ತೆ ಅರ್ಥ ಆಯಿತೆಂಬಂತೆ ತಲೆ ಆಡಿಸಿದಳು.

"ಕಾಕಾ, ಕತ್ತರಿಸಿದ್ದು ನಾನು. ಮತ್ತೆ ಕೂಡದ ಹಾಗೆ ನೋಡಿಕೊಳ್ಳುವುದು ನೀವು. ದಿನಕ್ಕೆ ಐದಾರು ಸಲ, ಕಡಿಮೆಯೆಂದರೆ ಒಂದು ವರ್ಷ. ಬಿಟ್ಟಿರೋ, ಮೊದಲಿಗಿಂತ ಬಿಗಿಯಾಗಿ ಮುಚ್ಚುತ್ತದೆ. ಆಮೇಲೆ ನನ್ನ ಹತ್ತಿರ ಕತ್ತರಿಸಲು ಏನೂ ಉಳಿಯುವುದಿಲ್ಲ."

ಒಂದು ವರ್ಷ! ಮೊದಲೇ ಹೇಳಿದ್ದರೆ ಆಪರೇಷನ್ನಿಗೆ ಒಪ್ಪುತ್ತಲೇ ಇರಲಿಲ್ಲ ಎಂದು ಬರೆದು ತೋರಿಸಿದೆ. ಚಂಪಾ ಈ ಸಲ ಕನ್ನಡಕವಿಲ್ಲದೆಯೇ ಓದಿದಳು.

"ಹೇಳಿದ್ರಲ್ಲ. ಆಪರೇಷನ್ ಬೇಕು ಅಂದ ದಿನವೇ ಹೇಳಿದ್ರು. ನೀವು ಸಿಲಿಂಡರ್ ಸಿಲಿಂಡರ್ ಅಂತ ಹೊರಗೆ ಹೋಗಿದ್ದು. ನಾನು ಕೂತು ಕೇಳಿದ್ದೇನೆ. ಮನೆಗೆ ಬಂದು ಹೇಳಿದ್ರೆ ನಂಗೆ ಗೊತ್ತುಂಟು ಅಂತ ಹೇಳಿದ್ದು ಯಾರು?"

ಆ ದಿನ ಸಿಲಿಂಡರ್ ಬಂದಿರಲಿಲ್ಲ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಜುಲೈ ೨೭, ಭಾನುವಾರ

ಮನೆಗೆ ಬಂದು ವಾರವಾಯಿತು. ಚಪ್ಪಟೆ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲಿನ ನಡುವೆ ತೂರಿಸುತ್ತಾ ಹೋಗಬೇಕು. ಚಂಪಾ ಎದುರಿಗೆ ಕನ್ನಡಿ ಹಿಡಿದು ಕೂರುತ್ತಾಳೆ. ಸಾಕು ಎಂದು ಕೈ ತೋರಿಸಿದರೆ, "ಇನ್ನೊಂದು" ಎನ್ನುತ್ತಾಳೆ. ಇಷ್ಟು ವರ್ಷ ಎಲ್ಲಿತ್ತೋ ಈ ಹಟ. ಜೊಲ್ಲು ಸುರಿಯುತ್ತದೆ, ಅದನ್ನು ಅವಳೇ ಒರೆಸುತ್ತಾಳೆ. ಅದಕ್ಕೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು.

ಪ್ರತಿ ಬುಧವಾರ ಆಸ್ಪತ್ರೆ. ಬೆಂಚಿನಲ್ಲಿ ನಾನೂ ಶಿವಪುತ್ರನೂ ಅಕ್ಕಪಕ್ಕ ಕಡ್ಡಿ ಕಚ್ಚಿಕೊಂಡು ಕೂರುವುದು. ಬಾಯಲ್ಲಿ ಕಡ್ಡಿ ಇಟ್ಟುಕೊಂಡು ಜಗಳ ಮಾಡಲು ಆಗುವುದಿಲ್ಲ, ಇಲ್ಲದಿದ್ದರೆ ಅವನ ಪಕ್ಕ ಕೂರುತ್ತಿರಲಿಲ್ಲ. ಈ ವಾರ ನನ್ನದಕ್ಕಿಂತ ಅವನ ಬಾಯಿ ಜಾಸ್ತಿ ತೆರೆಯಿತು ಎಂದು ಗುಪ್ತೆ ಹೇಳಿದಳು. ಅವನಿಗೆ ನನಗಿಂತ ಒಂದು ವಾರ ಮೊದಲೇ ಆಪರೇಷನ್ ಆಗಿದೆ, ಅದನ್ನು ಹೇಳಲಿಲ್ಲ. ಮನೆಗೆ ಬಂದು ಎರಡು ಸಲ ಹೆಚ್ಚು ಮಾಡಿದೆ.

ಆಗಸ್ಟ್ ೧೩, ಬುಧವಾರ

ಎರಡು ಬೆರಳು, ಮೇಲೆ ಸ್ವಲ್ಪ. ಶಿವಪುತ್ರನಿಗೂ ಅಷ್ಟೆ. ಅವನು ತನ್ನದು ಹೆಚ್ಚು ಎನ್ನುತ್ತಾನೆ. ಗಾರೆಯವನ ಬೆರಳನ್ನು ನನ್ನದಕ್ಕೆ ಹೋಲಿಸಿದರೆ ಆಗುತ್ತದೆಯೇ?

ಮಧ್ಯಾಹ್ನ ಹೋಟೆಲಿಗೆ ಹೋದೆ. ಗಲ್ಲಾದ ಪಕ್ಕದ ಅಡಿಕೆಯ ಬಟ್ಟಲನ್ನು ತೆಗೆಸಿದೆ. ಬೇರೆ ಕಾರಣವೇನೂ ಇಲ್ಲ, ಮಳೆಗಾಲದಲ್ಲಿ ಅಡಿಕೆ ಬೂಸ್ಟು ಹಿಡಿಯುತ್ತದೆ. ಕೋರ್ಟಿನ ಮುದಿ ವಕೀಲರೊಬ್ಬರು "ಸೇಠ್, ಸುಪಾರಿ ಕಿಧರ್?" ಎಂದು ಟೇಬಲು ಕುಟ್ಟಿದರು. ಬೂಸ್ಟು ಹಿಡಿದಿದೆ ಎಂದೆ. ಹೊಸದು ತರಿಸಿ ಎಂದರು. ಅದೂ ಬೂಸ್ಟು ಹಿಡಿಯುತ್ತದೆ ಎಂದೆ.

ಚಟ್ನಿ ತಿಂದು ನೋಡಿದೆ. ಸಪ್ಪೆ. ಇಂಥ ಚಟ್ನಿಯನ್ನು ಜನರಿಗೆ ಹೇಗೆ ಕೊಡುತ್ತೀಯ ಎಂದು ದೂಜನಿಗೆ ಬೈದೆ. ಅವನು ಮೆಣಸಿನ ಡಬ್ಬಿಯನ್ನು ಎತ್ತಿ ತಂದು ನನ್ನ ಮುಂದೆ ಇಟ್ಟ.

ಆಗಸ್ಟ್ ೨೭, ಬುಧವಾರ

ಚೌತಿ. ಆಸ್ಪತ್ರೆ ಇಲ್ಲ. ಚಂಪಾಳ ತಮ್ಮ ಸುಕೇಶ್ ಊಟಕ್ಕೆ ಬಂದಿದ್ದ. ಊಟವಾದ ಮೇಲೆ ತಟ್ಟೆಯಿಂದ ವೀಳ್ಯ ತೆಗೆದು ಬಾಯಿಗೆ ಹಾಕಿಕೊಂಡ. ನನಗೆ ಎಲ್ಲಿಂದ ಸಿಟ್ಟು ಬಂತೋ.

"ಬೆರಳು ಹಾಕು ನೋಡುವ. ಮೂರು."

"ಎಂತ ಭಾವ, ಹಬ್ಬದ ದಿನ?"

"ಹಾಕು ಅಂದ್ರೆ ಹಾಕು ಮಾರಾಯ!"

ಹಾಕಿದ. ಮೂರನೆಯದು ಬಿಗಿಯಾಗಿತ್ತು. ಉಗುಳು ಎಂದೆ. ಮನೆಗೆ ಬಂದ ತಮ್ಮನನ್ನು ಬಾಲ್ಕನಿಗೆ ಕಳಿಸಿ ಉಗುಳಿಸಿದ್ದಕ್ಕೆ ಚಂಪಾ ಪಾತ್ರೆಗಳನ್ನೆಲ್ಲ ಸದ್ದು ಮಾಡಿ ಎತ್ತಿ ಹಾಕಿದಳು. ಸಂಜೆ ಕನ್ನಡಿ ಮಾತ್ರ ಹಿಡಿದಳು.

ಸೆಪ್ಟೆಂಬರ್ ೧೦, ಬುಧವಾರ

ಶಿವಪುತ್ರ ಬಂದಿಲ್ಲ. ಹೋದ ವಾರವೂ ಬಂದಿರಲಿಲ್ಲ. ಬೆಂಚು ಪೂರ್ತಿ ನನಗೇ. ಒಳ್ಳೆಯದೇ ಆಯಿತು, ಕಾಲು ಚಾಚಿ ಕೂತೆ.

ಒಬ್ಬನೇ ಕಡ್ಡಿ ಕಚ್ಚಿಕೊಂಡು ಕೂತರೆ ಹೋಗುವವರು ಬರುವವರು ಎಲ್ಲ ನಮ್ಮನ್ನೇ ನೋಡುತ್ತಾರೆ.

ಸೆಪ್ಟೆಂಬರ್ ೨೪, ಬುಧವಾರ

ಇವತ್ತೂ ಇಲ್ಲ. ಗುಪ್ತೆಯನ್ನು ಕೇಳಿದೆ. ಎರಡು ಸಲ ಫೋನು ಮಾಡಿಸಿದೆ ಕಾಕಾ, ಎತ್ತುವುದಿಲ್ಲ, ಅರ್ಧಕ್ಕರ್ಧ ಪೇಷಂಟುಗಳು ಹೀಗೇ ಮಾಡುತ್ತಾರೆ, ಆರು ತಿಂಗಳಿಗೆ ಬಾಯಿ ಮುಚ್ಚಿಕೊಂಡು ಬರುತ್ತಾರೆ ಎಂದಳು. ಹಾಗಾದರೆ ಆಪರೇಷನ್ ಮಾಡಿ ಏನು ಪ್ರಯೋಜನ ಎಂದು ಜಗಳಕ್ಕೆ ಹೋದೆ. ಅವಳ ಮೇಲೆ ಕೂಗಿ ಏನು ಪ್ರಯೋಜನ ಎಂಬುದು ನನಗೂ ಗೊತ್ತಿತ್ತು.

ಹೊರಗೆ ಬಂದು, ಅವನು ಕೊಟ್ಟಿದ್ದ ನಂಬರಿಗೆ ನಾನೇ ಫೋನು ಮಾಡಿದೆ. ಬಸಲಿಂಗವ್ವ ಎತ್ತಿದಳು.

"ಏನ್ ಹೇಳಲಿ ಸೇಟ್ರ, ಮತ್ತ ಗುಟ್ಕಾ ಸುರು ಮಾಡ್ಯಾನ್ರಿ. ಕಟ್ಟಿಗಿ ಕಚ್ಚೂದ್ ಬಿಟ್ಟಾನ. ರೊಟ್ಟಿ ತಿನ್ನಾಕ ಬರವಲ್ದು, ಹಾಲಾಗ ನೆನಿಸಿ ಕೊಡ್ತೀನ್ರಿ. ನಾ ಹೇಳಿದ್ರ ಕೇಳಂಗಿಲ್ಲ."

ಕೆಲಸ ಎಲ್ಲಿ ಎಂದು ಕೇಳಿದೆ. ಚೆಂಬೂರಿನಲ್ಲೇ, ಹಳೆ ಕಾಲನಿ ಒಡೆದು ಹೊಸ ಟವರ್ ಕಟ್ಟುತ್ತಿರುವಲ್ಲಿ. ನನ್ನ ಮನೆಯಿಂದ ನಡೆದು ಹೋಗುವ ದೂರ.

ನನಗೇನು? ಅವನ ಬಾಯಿ, ಅವನ ಹಣೆಬರಹ.

ಸೆಪ್ಟೆಂಬರ್ ೨೮, ಭಾನುವಾರ

ಭಾನುವಾರ ಫೋರ್ಟಿನಲ್ಲಿ ಆಫೀಸುಗಳಿಲ್ಲ, ಹೋಟೆಲಿಗೂ ರಜೆ. ಮಾರ್ಕೆಟ್ಟಿಗೆ ಹೋಗಿ ಬರುತ್ತೇನೆಂದು ಹೊರಟು ಅವನ ಸೈಟಿಗೆ ಹೋದೆ. ವಾಚ್‌ಮನ್ ತಡೆದ, ಅವನಿಗೆ ಹಿಂದಿಯಲ್ಲಿ ಏನೋ ಹೇಳಿ ಒಳಗೆ ನುಗ್ಗಿದೆ. ಶಿವಪುತ್ರ ಮರಳಿನ ರಾಶಿಯ ಪಕ್ಕ ಪೊಟ್ಟಣ ಹರಿಯುತ್ತಿದ್ದ. ನನ್ನನ್ನು ನೋಡಿ ಮುಷ್ಟಿ ಮುಚ್ಚಿಕೊಂಡ.

"ಬೆರಳು ಹಾಕು," ಎಂದೆ.

"ಸೇಟ್ರ, ಇಲ್ಲಿ ಬ್ಯಾಡ್ರಿ."

"ಹಾಕು!"

ಒಂದು ಹೋಯಿತು. ಎರಡನೆಯದರ ತುದಿ ಮಾತ್ರ. ಎರಡು ಬೆರಳು ದಾಟಿದ್ದ ಬಾಯಿ. ಇದಕ್ಕಾಗಿ ಚೀರಿದ್ದನ್ನು ನಾನು ಪಕ್ಕದ ಮಂಚದಿಂದ ಕೇಳಿದ್ದೇನೆ.

ಆಮೇಲೆ ನಾನು ಏನೇನು ಕೂಗಿದೆನೋ ಪೂರ್ತಿ ನೆನಪಿಲ್ಲ. ಮೇಲಿನ ಮಾಳಿಗೆಗಳಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿ ಬಗ್ಗಿ ನೋಡಿದರು. ರಸ್ತೆಯ ಆಚೆಯ ಬಿಲ್ಡಿಂಗಿನಲ್ಲಿ ಯಾರೋ ಕಿಟಕಿ ತೆರೆದರು. ಇದು ನಿನಗೆ ಸಿಕ್ಕ ಒಂದೇ ಬಾಯಿ, ಇನ್ನೊಂದು ಕೊಡಲು ಯಾವ ಡಾಕ್ಟರಿಗೂ ಆಗುವುದಿಲ್ಲ, ನಿನ್ನ ಹೆಂಡತಿ ರೊಟ್ಟಿ ಹಾಲಲ್ಲಿ ನೆನೆಸುತ್ತಾ ಕೂತಿದ್ದಾಳೆ, ನೀನಿಲ್ಲಿ ವಿಷ ಹರಿಯುತ್ತಾ ಕೂತಿದ್ದೀಯ ಎಂದೆ. ಇದಕ್ಕಿಂತ ಕೆಟ್ಟದಾಗಿಯೂ ಹೇಳಿದೆ. ಗಂಟಲು ಈಗಲೂ ಉರಿಯುತ್ತಿದೆ.

ಅವನು ನಾನು ಹೇಳಿದ್ದು ಕೇಳುತ್ತಿರಲಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದ. "ಎಷ್ಟ್ ತೆರಿತೈತ್ರಿ ನಿಮ್ದು!" ಎಂದ.

"ನನ್ನದು ಹಾಗಿರಲಿ ಮಾರಾಯ. ನೀನು ಯಾಕೆ ಬಿಟ್ಟೆ?"

"ತಾಸಿಗೊಮ್ಮಿ ಕಟ್ಟಿಗಿ ಕಚ್ಕೊಂಡು ಕುಂತ್ರ ಮುಕಾದಮ ಪಗಾರ ಕೊಡ್ತಾನೇನ್ರಿ? ನೀವು ನಿಮ್ಮ ಅಂಗಡಿಗಿ ನೀವ ಸೇಟು. ನಾ ಯಾರ್ ಸೇಟು? ಇದು ಬಾಯಾಗ ಇಲ್ದ ಹತ್ತನೇ ಮಾಳಿಗಿ ಮ್ಯಾಲ ಕೈ ಓಡಂಗಿಲ್ರಿ." ಹರಿದ ಪೊಟ್ಟಣವನ್ನು ಜೇಬಿಗೆ ತುರುಕುತ್ತಾ, "ಮತ್ತ ಆ ಡಾಕ್ಟರಬಾಯಿ ಏನ್ ಹೇಳ್ತಾಳ ನನಗ ಅರ್ಧ ತಿಳಿಯಂಗಿಲ್ರಿ. ಹೂಂ ಹೂಂ ಅಂದು ಬಂದೀನಿ," ಎಂದ.

 ಅವರ ಮೇಸ್ತ್ರಿ ಆ ಮುಕಾದಮನನ್ನು ಹುಡುಕಿಕೊಂಡು ಹೋಗಿ ಅವನಿಗೆ ಬೈದೆ. ಅವನಿಗೂ ಬೆರಳು ಹಾಕು ಎಂದೆ. ಹಾಕಿದ, ಅವನಿಗೂ ಮೂರು ಹೋಗಲಿಲ್ಲ. ಮುಖ ಸುಣ್ಣವಾಯಿತು. ಇನ್ನು ಬುಧವಾರ ಶಿವಪುತ್ರನಿಗೆ ರಜೆ ಎಂದ.

ಅಕ್ಟೋಬರ್ ೮, ಬುಧವಾರ

ಹೋದ ಬುಧವಾರ ತಪ್ಪಿಸಿಕೊಂಡ. ಇವತ್ತು ಬೆಳಿಗ್ಗೆ ಅವನ ಖೋಲಿಯ ಬಾಗಿಲಲ್ಲೇ ನಿಂತು ಕರೆದುಕೊಂಡು ಹೋದೆ.

ಗುಪ್ತೆ ಮೊದಲು ನನ್ನನ್ನು ಕರೆದಳು. ಮೂರು ಬೆರಳು ಹೋಗುತ್ತಿದೆ, ಕಾಕಾ, ಶಾಬ್ಬಾಸ್, ನಿಲ್ಲಿಸಬೇಡಿ ಎಂದಳು. ಸರಿ, ಇವನನ್ನು ನೋಡಿ ಎಂದೆ. ಅವನ ಕೆನ್ನೆಯೊಳಗೆ ಬೆಳಕು ಬಿಟ್ಟವಳು ದೀಪವನ್ನು ಇನ್ನೂ ಹತ್ತಿರ ಎಳೆದುಕೊಂಡಳು. ಎಡಗಡೆ, ಹಿಂದೆ, ಒಂದು ಬಿಳಿ ಮಚ್ಚೆ, ನಡುವೆ ಕೆಂಪು. ತುಂಡು ಕತ್ತರಿಸಿ ಪರೀಕ್ಷೆಗೆ ಕಳಿಸಿದಳು.

"ಏನಂತ್ರಿ?" ಎಂದು ಬೆಂಚಿನಲ್ಲಿ ಕೇಳಿದ.

"ಗೊತ್ತಿಲ್ಲ. ಗೊತ್ತಾದ ಮೇಲೆ ಹೇಳ್ತೇನೆ. ಕಡ್ಡಿ ಕಚ್ಚು."

ಮನೆಗೆ ಬಂದರೆ ಊಟ ಸೇರಲಿಲ್ಲ. ಈ ಚಂಪಾ ಸಾರಿಗೆ ಏನು ಹಾಕಿದ್ದಾಳೋ.

ಅಕ್ಟೋಬರ್ ೧೫, ಬುಧವಾರ

ಕ್ಯಾನ್ಸರ್ ಶುರುವಾಗಿದೆ. ಸಣ್ಣದು. ಬೇಗ ಸಿಕ್ಕಿದೆ ಎನ್ನುತ್ತಾಳೆ ಗುಪ್ತೆ, ಇನ್ನೆರಡು ತಿಂಗಳು ಬಿಟ್ಟಿದ್ದರೆ ಎಂದು ಹೇಳಿ ನಿಲ್ಲಿಸಿದಳು. ನಾಡಿದ್ದು ಶುಕ್ರವಾರವೇ ತೆಗೆದುಬಿಡುತ್ತಾರೆ.

ಒಳಗೆ ಶಿವಪುತ್ರನ ಪಕ್ಕ ನಾನೂ ಕೂತೆ. ಅವಳು ಆಪರೇಷನ್ನಿನ ವಿಷಯ ಹೇಳತೊಡಗಿದಳು, ಹಿಂದಿಯಲ್ಲಿ, ನಡುನಡುವೆ ಇಂಗ್ಲಿಷು. ಶಿವಪುತ್ರ "ಜೀ, ಜೀ" ಎಂದು ತಲೆ ಆಡಿಸುತ್ತಲೇ ಇದ್ದ.  ಟೇಬಲಿಗೆ ಗುದ್ದಿದೆ.

"ನಿಲ್ಲಿಸಿ! ಒಂದು ಮಾತು ಹೇಳಿ, ನಿಲ್ಲಿ. ನಾನು ಅವನಿಗೆ ಹೇಳ್ತೇನೆ. ಅವನು ಅದನ್ನು ವಾಪಸು ನನಗೆ ಹೇಳ್ಬೇಕು. ಆಮೇಲೆ ಮುಂದಿನದ್ದು."

"ಕಾಕಾ, ನೀವು ಇವರಿಗೆ ಏನಾಗಬೇಕು?"

"ಏನೂ ಆಗ್ಬೇಕಿಲ್ಲ. ಮುಂದೆ ಹೇಳಿ."

ಹೊರಗೆ ಸಾಲು ಬೆಳೆಯಿತು. ಬೆಳೆಯಲಿ. ಕತ್ತಿನ ಗಂಟುಗಳನ್ನೂ ತೆಗೆಯಬೇಕಾಗಬಹುದು ಎಂದಳು, ಹೇಳಿದೆ, ಹೇಳಿಸಿದೆ. ನಾಲಗೆಯ ಒಂದು ಬದಿ ಕೆಲವು ಕಾಲ ಜೋಮು ಹಿಡಿದ ಹಾಗೆ ಇರಬಹುದು, ಆಮೇಲೆ ರೇಡಿಯೇಷನ್ ಚಿಕಿತ್ಸೆ ಬೇಕಾದರೂ ಬೇಕಾದೀತು ಎಂದಳು, ಹೇಳಿದೆ, ಹೇಳಿಸಿದೆ. ಬೆಳಿಗ್ಗೆ ನೀರು ಕೂಡ ಮುಟ್ಟಬಾರದು, ಗುಟ್ಕಾ ಇವತ್ತಿಗೇ ಕೊನೆ, ಕಡ್ಡಿ ಬಿಡುವ ಹಾಗಿಲ್ಲ. ಮೂರನೆಯ ಸಲಕ್ಕೆ ಶಿವಪುತ್ರ ತಡವರಿಸದೆ ಹೇಳಿದ. ಆಮೇಲೆ ತನ್ನ ಕೈಗಳನ್ನು ನೋಡುತ್ತಾ ಕೂತ.

"ಸೇಟ್ರ, ಒಂದ್ ಕೇಳ್ರಿ ಆಕಿಗಿ. ನಾ ಸಾಯಂಗಿಲ್ಲ ಅಲ್ರಿ?"

ಕೇಳಿದೆ. ಕೇಳುವಾಗ ನನ್ನ ಹಿಂದಿ ಹಾಳಾಗಿ ಹೋಯಿತು. ಗುಪ್ತೆ ಪೆನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದಳು. ಈ ಹಂತದಲ್ಲಿ ಸಿಕ್ಕವರು ಹೆಚ್ಚಿನವರು ಬದುಕುತ್ತಾರೆ. ಆದರೆ ಪ್ರತಿ ತಿಂಗಳು ಬರಬೇಕು, ವರ್ಷಗಟ್ಟಲೆ. ಬರದಿದ್ದರೆ ನಾನು ಏನೂ ಹೇಳಲಾರೆ.

"ಏನ್ ಅಂದಳ್ರಿ?"

"ತಿಂಗಳು ತಿಂಗಳು ಬಂದ್ರೆ ಬದುಕ್ತೀಯಂತೆ," ಎಂದೆ. "ಒಂದು ತಿಂಗಳು ತಪ್ಪಿದ್ರೆ ನಾನೇ ಬಂದು ಕೊಲ್ತೇನಂತೆ."

ಶಿವಪುತ್ರ ನಕ್ಕ. ಅವನ ಬಾಯಿ ಬಿಟ್ಟುಕೊಟ್ಟಷ್ಟು ನಕ್ಕ. ತಾನು ನಗುವಂಥದ್ದು ಏನೂ ಹೇಳಿರಲಿಲ್ಲವಲ್ಲ ಎಂದು ಗುಪ್ತೆ ನನ್ನನ್ನು ಅನುಮಾನದಿಂದ ನೋಡಿದಳು. ನಾನು ಕರವಸ್ತ್ರ ಹುಡುಕುತ್ತಿದ್ದೆ.

ಶುಕ್ರವಾರ ಬಸಲಿಂಗವ್ವ ಆಸ್ಪತ್ರೆಗೆ ಬರುವ ಹಾಗಿಲ್ಲವಂತೆ. ಅವಳು ಪಾತ್ರೆ ತೊಳೆಯುವ ಮನೆಯವರು ದೀಪಾವಳಿಗೆ ಮನೆ ಶುದ್ಧ ಮಾಡುವುದಿದೆ, ರಜೆ ಇಲ್ಲ ಎಂದಿದ್ದಾರೆ. ಆ ಮನೆಯ ನಂಬರು ಇಸಿದುಕೊಂಡು ಬಂದಿದ್ದೇನೆ. ಬೆಳಿಗ್ಗೆ ನಾನೇ ಮಾತಾಡುತ್ತೇನೆ.